ಟ್ಯಾಂಕಿನ ಪರದೆ ಬಿಚ್ಚಿದ ದಿನ

ಕುಡಿಯುವ ನೀರಿನ ಟ್ಯಾಂಕಿಗೂ ಪರದೆ ಇರುತ್ತದೆಂದು ಅಜ್ಜಂಪುರದಿಂದ ಮದುವೆಯಾಗಿ ತರೀಕೆರೆಗೆ ಬರುವವರೆಗೆ ನನಗೆ ಗೊತ್ತಿರಲಿಲ್ಲ. ನನ್ನ ಯಜಮಾನರು ಊರಿಗೆ ನೀರು ಬಿಡುವ ನೀರುಗಂಟಿ. ದಿಬ್ಬದ ಮೇಲೆ ಅರ್ಧ ನೆಲದೊಳಗೆ ಹೂತಂತಿದ್ದ ದೊಡ್ಡ ಟ್ಯಾಂಕು ಅವರ ಸುಪರ್ದಿನಲ್ಲಿತ್ತು. ಅದರೊಳಗೆ ದಪ್ಪ ಟಾರ್ಪಾಲಿನ ಮೂರು ಪರದೆಗಳು ಅಡ್ಡಡ್ಡ ತೂಗುತ್ತಿದ್ದವು. ಬಂದ ನೀರು ನೆಟ್ಟಗೆ ಹೊರಗೆ ಹೋಗಿಬಿಡಬಾರದು, ಪರದೆಗಳನ್ನು ಸುತ್ತಿ ಬಳಸಿ ನಿಧಾನವಾಗಿ ಹೋಗಬೇಕು, ಅಷ್ಟರಲ್ಲಿ ಬ್ಲೀಚಿಂಗ್ ಪುಡಿ ಚೆನ್ನಾಗಿ ಬೆರೆಯಬೇಕು. ಅದಕ್ಕೆ ಆ ಏರ್ಪಾಡು. ಮನೆಯ ಕಿಟಕಿಗೆ ಒಂದು ತುಂಡು ಪರದೆ ತಂದುಕೊಡದವರು ನೀರಿಗೆ ಮೂರು ಹಾಕಿದ್ದಾರೆಂದು ನಾನು ಅಣಕಿಸುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಆ ಪರದೆಗಳು ಕೊಳೆತು, ನಲ್ಲಿಗಳಲ್ಲಿ ಕರಿ ಚೂರುಗಳು ಬರತೊಡಗಿದವು. ಬದಲಾಯಿಸಲೆಂದು ಒಂದು ದಿನ ಊರಿಗೆ ನೀರು ನಿಲ್ಲಿಸಿ ಟ್ಯಾಂಕು ಖಾಲಿ ಮಾಡಿದರು. ಇವರ ಜೊತೆಗಾರ ಹಿಂದಿನ ದಿನ ಕಡೂರಿಗೆ ಹೋದವನು ಬರಲೇ ಇಲ್ಲ. ಬುತ್ತಿ ಕೊಟ್ಟು ಬರಲು ಹೋದ ನನ್ನನ್ನೇ ಇವರು ಟ್ಯಾಂಕಿನ ಮೇಲೆ ಕೂರಿಸಿದರು.

"ಕೆಳಗೆ ಗಾಳಿ ಸರಿಯಿರಲ್ಲ ಕಣೇ. ಆಗಾಗ ಓ ಅನ್ನು, ನಾನೂ ಓ ಅಂತೀನಿ. ನಾನು ಅನ್ಲಿಲ್ಲ ಅಂದ್ರೆ ಜನ ಕರಿ."

"ನಂಗೇನು ಮನೇಲಿ ಕೆಲ್ಸ ಇಲ್ವಾ?" ಎಂದೆ. ಸಿಟ್ಟು ಬಂದಿತ್ತು. ಆದರೂ ಕೂತೆ.

ಮೇಲಿದ್ದ ಚೌಕದ ಬಾಯಿಯಿಂದ ಕಬ್ಬಿಣದ ಏಣಿ ಹಿಡಿದು ಇಳಿದರು. ಏಣಿಯ ಬುಡ ಬಿಟ್ಟರೆ ನನಗೆ ಏನೂ ಕಾಣದು. ಟಾರ್ಚಿನ ಬೆಳಕು ಎರಡು ಸಲ ಹೊರಳಿ, ಪರದೆಯ ಹಿಂದೆ ಹೋಯಿತು. ಒಳಗಿನ ಘಾಟಿಗೆ ಕಣ್ಣುರಿಯುತ್ತಿತ್ತು. ದಿಬ್ಬದ ಕೆಳಗೆ ಹೊಂಗೆಯ ನೆರಳಲ್ಲಿ ಟಾರ್ಪಾಲು ಹೊಲಿಯುವ ಸಾಹೇಬರೊಬ್ಬರು ಹೊಸ ಪರದೆಗೆ ಹಗ್ಗ ಪೋಣಿಸುವ ಹಿತ್ತಾಳೆ ಬಳೆ ಕೂರಿಸುತ್ತಿದ್ದರು. ಬೇರೆ ಒಂದು ನರಪಿಳ್ಳೆಯೂ ಇರಲಿಲ್ಲ.

ಬಗ್ಗಿ "ಓ" ಅಂದೆ. ಕಂಬಳಿಯೊಳಗಿಂದ ಬಂದಂತೆ "ಓ" ಬಂತು. ಸ್ವಲ್ಪ ಹೊತ್ತಿಗೆ ಅವರು ಹಗ್ಗ ಬಿಚ್ಚಿದ ಮೊದಲ ಪರದೆ ದೊಪ್ಪೆಂದು ಬಿತ್ತು. ಪರದೆ ಇಳಿಬಿಟ್ಟಿದ್ದ ಕಬ್ಬಿಣದ ಪೈಪೂ ಅದರ ಜೊತೆಗೇ ಬಿತ್ತು. ಆ ಸದ್ದಿಗೆ ಬೆಚ್ಚಿ ಕೂಡಲೇ "ಓ" ಅಂದೆ. "ಓ" ಅಂದರು. ಎರಡನೆಯದೂ ಬಿತ್ತು. ಈಗ ಅವರ ದನಿ ದೊಡ್ಡದಾಗಿ, ಪಕ್ಕದಲ್ಲೇ ನಿಂತು ಕೂಗಿದಂತೆ ಕೇಳಿತು. ಅಡ್ಡ ಇದ್ದದ್ದು ಹೋಯಿತಲ್ಲ, ಅದಕ್ಕೇ ಎಂದುಕೊಂಡೆ.

ಮೂರನೆಯದೂ ಬಿತ್ತು. "ಓ" ಅಂದೆ. "ಓ" ಬಂತು. ಸದ್ಯ, ಮುಗಿಯಿತು ಎಂದು ಸೆರಗಿನಿಂದ ಬೆವರು ಒರೆಸಿಕೊಂಡೆ. ಕೆಳಗಿನ ರಸ್ತೆಯಲ್ಲಿ ಅಮೃತಾಪುರದ ಬಸ್ಸು ಹೋಯಿತು. ಮತ್ತೆ ಕೂಗಿದೆ, ಮತ್ತೆ ಬಂತು. ಹೀಗೆ ಆರೇಳು ಸಲ. ಮನೆಯಲ್ಲಿ ನಾಲ್ಕು ಸಲ ಕರೆದರೆ ಒಂದು ಸಲವೂ ಓಗೊಡದ ಮನುಷ್ಯ ಇವತ್ತು ಬಾಯಿ ಮುಚ್ಚುವುದರೊಳಗೆ ಉತ್ತರ ಕೊಡುತ್ತಿದ್ದಾರಲ್ಲ ಎಂದು ನಗು ಕೂಡ ಬಂತು.

ಆದರೆ ಹೆಜ್ಜೆಯ ಸದ್ದಿರಲಿಲ್ಲ. ಕೆಮ್ಮಿರಲಿಲ್ಲ. ಬೆಳಕು ಎಲ್ಲೂ ಅಲ್ಲಾಡುತ್ತಿರಲಿಲ್ಲ. ಬಾಯಿಯೊಳಗೆ ತಲೆ ಹಾಕಿ ಕೂಗಿದೆ.

"ರೀ, ಬುತ್ತಿ ಆರೋಗ್ತದೆ. ಬನ್ರೀ!"

"ಬನ್ರೀ" ಎಂದಿತು ಕತ್ತಲು.

ಇವರು ಹುಟ್ಟಿದಾರಭ್ಯ ನನ್ನನ್ನು ಬನ್ರೀ ಎಂದವರಲ್ಲ. ಬಾರೇ ಎನ್ನುವವರು, ಬಾ ಎನ್ನುವವರು. ಮೊದಲು ಪರದೆಗಳು ನುಂಗುತ್ತಿದ್ದ ದನಿಯನ್ನು ಬರಿದಾದ ಟ್ಯಾಂಕು ನನಗೇ ವಾಪಸು ಕೊಡುತ್ತಿತ್ತು. ನಾನು ಕೂಗಿ ನಾನೇ ಓಗೊಟ್ಟುಕೊಂಡು, ಸಮಾಧಾನವಾಗಿ ಕೂತಿದ್ದೆ.

"ಸಾಹೇಬ್ರೇ, ಓಡ್ಬನ್ರೀ!" ಎಂದು ಅರಚಿದೆ. ಅವರು ಟಾರ್ಪಾಲು ಕೊಯ್ಯುವ ಚಾಕು ಹಿಡಿದೇ ಓಡಿಬಂದರು. "ನೀವು ಇಳೀಬ್ಯಾಡಿ ಅಮ್ಮಾ" ಎಂದು ಮೂಗಿಗೆ ಒದ್ದೆ ಟವಲು ಕಟ್ಟಿ ಇಳಿದರು. ನಾನು ಕೇಳಲಿಲ್ಲ, ಸೀರೆ ಎತ್ತಿ ಕಟ್ಟಿ ಹಿಂದೆಯೇ ಇಳಿದೆ. ಮೂರನೆಯ ಪರದೆಯನ್ನು ಇವರು ಇಳಿಸಿರಲಿಲ್ಲ. ಅದರ ಹಗ್ಗ ಕೊಳೆತು, ಕೈ ಹಾಕುವ ಮೊದಲೇ ಕಡಿದಿತ್ತು. ನೀರು ಕುಡಿದ ಟಾರ್ಪಾಲಿನ ಅಡಿಯಲ್ಲಿ ಇವರು ಬೋರಲು ಬಿದ್ದಿದ್ದರು, ಬೆನ್ನ ಮೇಲೆ ಪೈಪು. ನಾನು ಪೈಪು ಎತ್ತಿ ಹಿಡಿದೆ, ಸಾಹೇಬರು ಟಾರ್ಪಾಲು ಸೀಳಿದರು. ಮುಖ ಕಪ್ಪಿಟ್ಟಿತ್ತು. ಉಸಿರಿತ್ತು.

ಸಂಜೆ ಆಸ್ಪತ್ರೆಯಲ್ಲಿ ಇವರಿಗೆ ಮಾತು ಬಂತು. ಪ್ರಜ್ಞೆ ತಪ್ಪಿತ್ತಾ ಎಂದು ಕೇಳಿದೆ. ತಪ್ಪಿತ್ತು ಎಂದುಬಿಡಲಿ ಎಂದು ನನಗೆ ಆಸೆಯಿತ್ತು.

"ಇಲ್ಲ ಕಣೇ," ಎಂದರು, ಗೋಡೆಯ ಕಡೆ ನೋಡುತ್ತ. "ಬಾಯಿಗೆ ಟಾರ್ಪಾಲು ಒತ್ಕೊಂಡಿತ್ತು, ಅಷ್ಟೇ. ಕಿವಿ ಕೇಳ್ತಿತ್ತು. ನೀನು ಓ ಅಂತಿದ್ದೆ, ಟ್ಯಾಂಕೂ ಓ ಅಂತಿತ್ತು. ಇವಳು ಇನ್ನು ಯಾರನ್ನೂ ಕರಿಯಲ್ಲ ಅಂತ ಗೊತ್ತಾಗೋಯ್ತು."