ಅಜ್ಜಿಯ ಗಂಟಲು ಯಾರ ಪಾಲಿಗೆ

ಮೊನ್ನೆ ಕೆ.ಆರ್. ಪೇಟೆಯಲ್ಲಿ ಸಂತೆಬಾಚಹಳ್ಳಿಯ ಬಸ್ಸು ಹತ್ತಿ ಕೂತೆನೋ ಇಲ್ಲವೋ, ಡ್ರೈವರು ಹಾಡು ಹಾಕಿದ. ಮೊದಲು ಗಿಟಾರು, ಅದರ ಬೆನ್ನಿಗೇ ತಮಟೆ, ಆಮೇಲೆ ನಮ್ಮ ಚಂದ್ರಿಕಾಳ ದನಿ. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಚಂದ್ರಿಕಾ ನನ್ನ ಚಿಕ್ಕಪ್ಪನ ಮಗಳು, ನಾಗಮಂಗಲದಲ್ಲಿ ಬೆಳೆದವಳು, ಹೆಸರು ಮಾಡಿದ ಪಾಪ್ ಗಾಯಕಿ. ಅವಳ ಹಾಡೆಂದರೆ ಇಸ್ತ್ರಿ ಮಾಡಿದ ರೇಷ್ಮೆ ಸೀರೆ. ಎಲ್ಲೂ ಒಂದು ಸುಕ್ಕಿಲ್ಲ. ಅದಕ್ಕೆ ನಾನೆಂದೂ ಹೊಟ್ಟೆ ಉರಿದುಕೊಂಡವಳಲ್ಲ. ಸಿಂಧಘಟ್ಟದ ನಮ್ಮ ಅಜ್ಜಿಯ ನಾಟಿ ಹಾಡುಗಳು ನನಗಿದ್ದವಲ್ಲ! ರಜೆಗೆ ಬಂದರೆ ಚಂದ್ರಿಕಾ ಕೆಸರಿಗೆ ಹೇಸಿ ಬದುವಿನ ಮೇಲೇ ಕೂರುತ್ತಿದ್ದಳು. ಗದ್ದೆಗಿಳಿದು ಅಜ್ಜಿಯ ಪಕ್ಕ ಪೈರು ನೆಡುತ್ತಾ ಸೊಲ್ಲಿಗೆ ಸೊಲ್ಲು ಸೇರಿಸಿದವಳು ನಾನು. ಅಜ್ಜಿ ತೀರಿಕೊಂಡ ಮೇಲೆ ಆ ಹಾಡುಗಳಿಗೆ ನಾನೇ ವಾರಸುದಾರಳೆಂದು ನನಗೆ ನಾನೇ ಪಟ್ಟ ಕಟ್ಟಿಕೊಂಡೆ. ನಾನು ಪಾಠ ಹೇಳುವ ಶಾಲೆಯ ಸಮಾರಂಭಗಳಲ್ಲಿ ಹಾಡುತ್ತಿದ್ದೆ. ಜನ ಮರ್ಯಾದೆಗೆ ಚಪ್ಪಾಳೆ ತಟ್ಟುತ್ತಿದ್ದರು.

ಹೋದ ವರ್ಷ ಚಂದ್ರಿಕಾ ಇದ್ದಕ್ಕಿದ್ದಂತೆ ಮನೆಗೆ ಬಂದಳು. "ಅಕ್ಕ, ಆ ನುಣುಪು ಆಡು ಸಾಕಾಗೋಯ್ತು ಕಣೆ. ಜಾನಪದಾನೇ ರಾಕ್ ಮಾಡ್ಕೊಂಡು ಆಡ್ಬೇಕು ಅಂತಿವ್ನಿ. ಅಜ್ಜಿ ನಾಟಿ ಆಡಿನ ಕೊನೆ ನುಡಿ ಮರ್ತೋಗದೆ, ಯೋಳ್ಕೊಡು."

"ಬದಿನ ಮ್ಯಾಲೆ ಕೂತೋರ್ಗೆ ಎಂಗೆ ನೆಪ್ಪಿರ್ತದೆ?" ಎಂದೆ ನಗುತ್ತಾ. ಒಳಗೆ ನಗುವಿರಲಿಲ್ಲ.

"ಕೂತಿದ್ದೆ, ನಿಜ. ಆದ್ರೆ ಕೇಳುಸ್ಕೋತಿದ್ದೆ ಕಣಕ್ಕ."

ಹೇಳಿಕೊಡದೆ ಇರಬಹುದಿತ್ತು. ಆದರೆ ನನಗೆ ಮಾತ್ರ ಗೊತ್ತೆಂದು ತೋರಿಸುವ ಆಸೆ ಬಿಡಬೇಕಲ್ಲ! ಹಾಡಿದೆ. ಅವಳು ಕಣ್ಣು ಮುಚ್ಚಿ ಕೇಳಿ, ತಾನೂ ಹಾಡಿದಳು. ನುಣುಪೆಲ್ಲ ಹೋಗಿ ಒರಟಾದ, ಸೊಲ್ಲಿನ ಕೊನೆಗೆ ತುಸು ಒಡೆಯುವ ದನಿ. ಅಡುಗೆಮನೆಯಿಂದ ಓಡಿ ಬಂದ ಅವ್ವ, "ಅಯ್ಯೋ, ನಮ್ಮತ್ತೆ ಗಂಟ್ಲು ಕಣವ್ವ ಇದು!" ಎಂದು ಅಲ್ಲೇ ಕೂತುಬಿಟ್ಟಳು.

ನೀವೇ ಹೇಳಿ, ಇಷ್ಟು ವರ್ಷ ಪದಗಳನ್ನು ಕಾದವಳು ನಾನು. ದನಿ ಅವಳ ಪಾಲಿಗೆ. ಅವ್ವ ನನ್ನ ಹಾಡು ಕೇಳಿ ಒಂದು ದಿನವೂ ಹಾಗೆ ಕೂತವಳಲ್ಲ. ಅವತ್ತು ಚಂದ್ರಿಕಾಳ ಕಾಫಿಗೆ ಸಕ್ಕರೆ ಕಮ್ಮಿ ಹಾಕಿದೆ. ನನ್ನ ಕೈಲಾದ ಸೇಡು ಅಷ್ಟೇ.

ಮೊನ್ನೆ ಬಸ್ಸಿನಲ್ಲಿ ಬಂದದ್ದೂ ಅದೇ ನಾಟಿ ಹಾಡು. ಕಂಡಕ್ಟರು ಟಿಕೆಟ್ ಕೊಡುತ್ತಾ, "ಯಾರೋ ಬೆಂಗ್ಳೂರೋಳಂತೆ ಮೇಡಮ್ಮು, ನಮ್ ಕಡೆ ಆಡ ಎಂಗ್ ಆಡ್ತಾವ್ಳೆ ನೋಡಿ" ಎಂದ.

"ಬೆಂಗ್ಳೂರೋಳಲ್ಲ, ನನ್ ತಂಗಿ" ಎಂದೆ. ಆತ ನಂಬದೆ ನಕ್ಕು ಮುಂದೆ ಹೋದ. ನನಗೆ ಎಂಥ ಸಿಟ್ಟು ಬಂತೆಂದರೆ, ಕೊನೆಯ ನುಡಿಯನ್ನು ಅವಳಿಗಿಂತ ಮೊದಲೇ ಬಸ್ಸಿಗೆಲ್ಲ ಕೇಳುವಂತೆ ಎತ್ತಿಕೊಂಡೆ. ಮುಂದಿನ ಸೀಟಿನ ಮುದುಕಿಯೊಬ್ಬಳು ಹಿಂದಕ್ಕೆ ತಿರುಗಿ, "ನೀನೂ ಆಡ್ತೀಯ ಬುಡವ್ವ. ಆದ್ರೆ ಆ ಉಡ್ಗಿ ಆಡೋ ಸೊಗಸೇ ಬ್ಯಾರೆ. ವಸಿ ಸುಮ್ಕಿರು, ಕೇಳಾನ" ಎಂದಳು.

 ಅಜ್ಜಿ ಹೋದ ಮೇಲೆ ಮೊದಲ ಸಲ, ಹಾಡದೆ, ಬರೀ ಕೇಳಿದೆ. ಕಣ್ಣೊರೆಸಿಕೊಂಡು ನೋಡಿದರೆ ನಾನಿಳಿಯುವ ಸ್ಟಾಪು ಹಿಂದೆ ಉಳಿದಿತ್ತು.