ಇಪ್ಪತ್ನಾಲ್ಕರಿಂದ ಎಪ್ಪತ್ತು

"ಊಟ ಆಯ್ತಾ?" ಎಂದು ಕೇಳದೆ ಮಾದೇಶಣ್ಣ ಯಾರ ಫೋಟೋವನ್ನೂ ತೆಗೆದವರಲ್ಲ. ತಮಿಳುನಾಡಿನ ಧರ್ಮಪುರಿ, ಸೇಲಂ ಕಡೆಯ ನಮ್ಮ ಕನ್ನಡದವರ ಮದುವೆಗಳಲ್ಲಿ ಮೂವತ್ತು ವರ್ಷ ಕ್ಯಾಮೆರಾ ಹಿಡಿದ ಮನುಷ್ಯ. ಅಜ್ಜಿಯಾಗಲಿ, ಬೀಗರಾಗಲಿ, ತೀರಾ ಹತ್ತಿರ ಹೋಗಿ ನಿಂತು ಕೇಳುವರು. ತಮಿಳಿನವರಾದರೆ "ಸಾಪ್ಟೀಂಗಳಾ?" ಯಾವ ಮಾತಿನವರೆಂದು ಗೊತ್ತಾಗದಿದ್ದರೆ ಎರಡನ್ನೂ ಕೇಳುವರು. ಎದುರಿನವರು ಉತ್ತರ ಹೇಳಿ, ಬಾಯಿ ಮುಚ್ಚಿ, ಮುಖ ಸಡಿಲವಾಗುವ ಹೊತ್ತಿಗೆ ಸರಿಯಾಗಿ ಕ್ಲಿಕ್.

ಅವರ ಬಳಿ ಇದ್ದದ್ದು ಒಂದೇ ಲೆನ್ಸ್, ಇಪ್ಪತ್ನಾಲ್ಕರಿಂದ ಎಪ್ಪತ್ತು ಮಿಲಿಮೀಟರಿನದು. "ಇಪ್ಪತ್ನಾಲ್ಕರಲ್ಲಿ ಮನೆ ತುಂಬಾ ಜನ ಇಡಿತದೆ, ಎಪ್ಪತ್ತರಲ್ಲಿ ಅಜ್ಜಿ ಮೊಖ ಬರ್ತದೆ. ಮಿಕ್ಕಿದ್ದಕ್ಕೆ ಕಾಲು ಐತಲ್ಲ ಪಾ," ಎನ್ನುವರು. ನಾನು ಸೇಲಂನಲ್ಲಿ ವಿಮೆ ಕಚೇರಿಯ ಗುಮಾಸ್ತ, ರಜೆ ದಿನ ಅವರ ಜೊತೆ ಎರಡನೇ ಕ್ಯಾಮೆರಾ. ಕಂಪ್ಯೂಟರಿನಲ್ಲಿ ಏನೇನೋ ನೋಡಿ ತಲೆ ಕೆಡಿಸಿಕೊಂಡು ದೂರದ್ದನ್ನು ಹತ್ತಿರ ತರುವ ಎಪ್ಪತ್ತರಿಂದ ಇನ್ನೂರರ ದೊಡ್ಡ ಲೆನ್ಸ್ ಕೊಂಡುಕೊಂಡೆ. ಅದನ್ನು ನೋಡಿ ಅವರು ಒಳ್ಳೆಯದೆನ್ನಲಿಲ್ಲ, ಕೆಟ್ಟದ್ದೆನ್ನಲಿಲ್ಲ. ತೂಕ ಎಷ್ಟು ಎಂದು ಮಾತ್ರ ಕೇಳಿದರು.

ಅದರ ಮೊದಲ ಮದುವೆ ಕಡಯಂಪಟ್ಟಿಯ ಒಂದು ಮನೆಯಂಗಳದಲ್ಲಿ. ಹೆಣ್ಣು ಗಂಡು ಇಬ್ಬರೂ ಚೌಕಟ್ಟಿನೊಳಗೆ ಬರಲಿ ಎಂದು ಹಿಂದೆ ಸರಿದೆ. ಗಂಡು ಬಂದ, ಹೆಣ್ಣು ಬರಲಿಲ್ಲ. ಇನ್ನೂ ಸರಿದೆ. ಚಪ್ಪರ ಮುಗಿಯಿತು, ನೀರಿನ ಡ್ರಮ್ ದಾಟಿತು, ಇಬ್ಬರೂ ಬಂದರು ಎನ್ನುವಷ್ಟರಲ್ಲಿ ನಾನು ಪಕ್ಕದ ಮನೆಯ ಕೊಟ್ಟಿಗೆಯಲ್ಲಿದ್ದೆ. ತಾಳಿ ಕಟ್ಟಿದ್ದು ನನಗೆ ಕಾಣಲೇ ಇಲ್ಲ. ಎಮ್ಮೆಗೆ ಕಂಡಿರಬಹುದು.

"ಲೇ ರವಿ, ಅಲ್ಲೇನ್ಲಾ ಮಾಡ್ತಾ ಇದ್ದೀಯಾ?" ಎಂದರು ಮಾದೇಶಣ್ಣ. "ಎಮ್ಮೆ ಕಡೆಯೋರು ಕರೆದಿದ್ರಾ?"

ತಾಳಿ ಕಟ್ಟಿದ್ದನ್ನು ಅವರೇ ಹತ್ತಿರ ನಿಂತು ತೆಗೆದಿದ್ದರು. ಇಲ್ಲದಿದ್ದರೆ ಅವತ್ತು ನನ್ನ ಗತಿ ಅಷ್ಟೇ.

ಹೀಗೆ ಕಾಲಿನ ಮೇಲೆ ಅಷ್ಟು ಭರವಸೆ ಇಟ್ಟವರ ಮಂಡಿ ಕೈಕೊಟ್ಟಿತು. ಪಾಲಮಲೆ ಬೆಟ್ಟದ ಒಂದು ಮದುವೆಗೆ ಹತ್ತಿ ಹೋದವರನ್ನು ನಾಲ್ಕು ಜನ ಹಿಡಿದು ಇಳಿಸಿದರು. ಹತ್ತುವುದು, ನೆಲಕ್ಕೆ ಕೂತು ಏಳುವುದು ಬೇಡ ಎಂದರು ಡಾಕ್ಟರು. ಒಪ್ಪಿಕೊಂಡಿದ್ದ ಮದುವೆಗಳನ್ನೆಲ್ಲ ಮಾದೇಶಣ್ಣ ನನಗೆ ವಹಿಸಿ ಮನೆ ಮುಂದಿನ ಜಗಲಿ ತಿಣ್ಣೆಯ ಮೇಲೆ ಕೂತರು. ಹೋದಾಗಲೆಲ್ಲ ಲೆನ್ಸ್ ಒರೆಸುತ್ತಿದ್ದರು. ಅದರಲ್ಲಿ ಧೂಳೇ ಇರಲಿಲ್ಲ.

ಒಂದು ಭಾನುವಾರ ಪರಿಚಯದವರಿಂದ ಎರಡು ಲೆನ್ಸ್ ಕೇಳಿ ತಂದೆ. ಒಂದು ಇಪ್ಪತ್ನಾಲ್ಕರಿಂದ ನೂರೈದು, ಇನ್ನೊಂದು ಇಪ್ಪತ್ನಾಲ್ಕರಿಂದ ಇನ್ನೂರು. "ಕುರ್ಚಿ ಮೇಲೆ ಕೂತೇ ತೆಗೀಬಹುದಣ್ಣ," ಎಂದೆ. ಅವರು ಹೆಂಡತಿಯನ್ನು ಬೀದಿಯಾಚೆಯ ಬೇವಿನ ಮರದ ಮುಂದೆ ನಿಲ್ಲಿಸಿ ಎರಡರಲ್ಲೂ ನೋಡಿದರು. ಅತ್ತಿಗೆ ಬಿಸಿಲಿನಲ್ಲಿ ಅರ್ಧ ಗಂಟೆ ನಿಂತರು.

"ನೂರೈದರಲ್ಲಿ ಸೀರೆ ಯಾವ್ದು ಅಂತ ಗೊತ್ತಾಗ್ತದೆ," ಎಂದರು ಮಾದೇಶಣ್ಣ ಕೊನೆಗೆ. "ಇನ್ನೂರರಲ್ಲಿ ಕೋಪ ಬಂದೈತೆ ಅಂತಾನೂ ಗೊತ್ತಾಗ್ತದೆ. ಇದೇ ಇರ್ಲಿ."

"ಕಲ್ಯಾಣ ಮಂಟಪದೊಳಗೆ ಬೆಳಕು ಸಾಲಲ್ಲ ಅಣ್ಣ, ಅದು ಬೆಳಕು ಕಮ್ಮಿ ಎಳ್ಕೊಳ್ಳೋ ಲೆನ್ಸು."

"ಲೈಟ್ ಆಕ್ಕೊಳ್ಳಾಣ. ಮಂಡಿಗೇನ್ಲಾ ಆಕ್ಕೊಳ್ಳಾದು?"

ಹಾಗೆ ಅವರು ಅಂಥದ್ದೇ ಒಂದು ಲೆನ್ಸ್ ಕೊಂಡು ಮತ್ತೆ ಮದುವೆಗಳಿಗೆ ಬಂದರು. ಮಂಟಪದ ಮಧ್ಯೆ ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಮಾದೇಶಣ್ಣ. ಆದರೆ ಕೇಳುವ ಅಭ್ಯಾಸ ಬಿಡಬೇಕಲ್ಲ! ಮೂವತ್ತು ಅಡಿ ದೂರದಿಂದ "ಅಜ್ಜೀ, ಊಟ ಆಯ್ತಾ?" ಎಂದು ಕೂಗುವರು. ನಾದಸ್ವರದ ಮಧ್ಯೆ ಅಜ್ಜಿಗೆ ಕೇಳಿಸದೆ "ಆಂ?" ಎನ್ನುವಳು. ಅಕ್ಕಪಕ್ಕದ ಹತ್ತು ಜನ ಅಜ್ಜಿಯ ಪರವಾಗಿ ಉತ್ತರ ಕೂಗುವರು. ಆ ವರ್ಷದ ಆಲ್ಬಮ್ಮುಗಳಲ್ಲಿ ಒಬ್ಬರ ಬಾಯೂ ಮುಚ್ಚಿಲ್ಲ. ಬೀಗರೊಬ್ಬರು ನನ್ನನ್ನು ಕರೆದು, "ನಮ್ಮನೆ ಮದುವೇಲಿ ಏನಾದ್ರೂ ಜಗಳ ಆಗಿತ್ತಾ?" ಎಂದು ವಿಚಾರಿಸಿದರು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಧರ್ಮಪುರಿಯ ಒಂದು ಮಂಟಪದಲ್ಲಿ. ಮಧ್ಯಾಹ್ನ ಮೂರಾಗಿತ್ತು. ಕುರ್ಚಿಯಿಂದ ಕೂಗು ಬಂತು: "ಲೇ ರವಿ, ಊಟ ಆಯ್ತಾ?"

"ಆಯ್ತಣ್ಣಾ!" ಎಂದೆ. ಕ್ಲಿಕ್.

ಕ್ಯಾಮೆರಾದ ಪರದೆ ನೋಡಿ ತಲೆಯಾಡಿಸಿದರು. "ಸುಳ್ಳು ಯೋಳ್ತೀಯಾ. ಇನ್ನೂರರಲ್ಲಿ ಎಲ್ಲಾ ಕಾಣ್ತದೆ, ತುಟಿ ಒಣಗೋಗೈತೆ. ಓಗು, ಉಂಡ್ಕೊಂಡು ಬಾ."

ಹೋಗಿ ಉಂಡೆ. ಪಾಯಸ ಎರಡು ಸಲ ಹಾಕಿಸಿಕೊಂಡೆ. ಬರುವಷ್ಟರಲ್ಲಿ ಕುರ್ಚಿ ಖಾಲಿ. ಮಂಡಿ ನೋವೆಂದು ಆಟೋ ಹತ್ತಿ ಹೋದರಂತೆ. ಆಮೇಲೆ ಹದಿನೈದು ದಿನಕ್ಕೆ ಹೃದಯ ನಿಂತು ತೀರಿಕೊಂಡರು.

ಆ ಫೋಟೋ ನನ್ನ ಮನೆಯಲ್ಲಿದೆ, ಅದರಲ್ಲಿ ನನ್ನ ಬಾಯಿ ತೆರೆದೇ ಇದೆ. ಅವತ್ತು ಊಟದ ಹಾಲ್ ಇದ್ದದ್ದು ಮಹಡಿಯ ಮೇಲೆ, ಇಪ್ಪತ್ತೆರಡು ಮೆಟ್ಟಿಲು. ಅಣ್ಣನಿಗೆ ಊಟ ಆಯಿತಾ ಎಂದು ನಾನು ಕೇಳಲೇ ಇಲ್ಲ.