ನಮ್ಮತ್ತೆಯ ಎಣ್ಣೆ, ನನ್ನ ತಲೆಯ ನವೆ

ನಾಲ್ಕು ಜನರ ಮುಂದೆ ಕೈ ಕೆರೆದುಕೊಳ್ಳಬಹುದು, ಹೆಚ್ಚೆಂದರೆ ಕತ್ತು. ತಲೆಗೆ ಮಾತ್ರ ಆ ಅನುಕೂಲವಿಲ್ಲ. ಒಂದು ಸಲ ಕೆರೆದರೆ ಏನೋ ಯೋಚಿಸುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಎರಡು ಸಲ ಕೆರೆದರೆ ಉತ್ತರ ಗೊತ್ತಿಲ್ಲ ಎಂದುಕೊಳ್ಳುತ್ತಾರೆ. ಮೂರನೆಯ ಸಲಕ್ಕೆ ಪಕ್ಕದವರು ಕುರ್ಚಿಯನ್ನು ಒಂದು ಗೇಣು ಆಚೆ ಸರಿಸುತ್ತಾರೆ. ನಾನು ಸೋಲದೇವನಹಳ್ಳಿಯ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವಳು. ಈ ಮೂರೂ ಹಂತಗಳನ್ನು ಅಲ್ಲಿನ ಸ್ಟಾಫ್ ರೂಮಿನಲ್ಲಿ ದಾಟಿದ್ದೇನೆ. ತರಗತಿಯಲ್ಲಿ ಸೀಮೆಸುಣ್ಣ ಹಿಡಿದ ಕೈಯಿಂದಲೇ ಕೆರೆದುಕೊಂಡು, ಹೆಗಲ ಮೇಲೆ ಬಿದ್ದ ಬಿಳಿ ಪುಡಿ ಸುಣ್ಣವೋ ಹೊಟ್ಟೋ ಎಂದು ಹುಡುಗರಿಗೆ ತಿಳಿಯದಂತೆ ಮಾಡಿದ್ದೂ ಉಂಟು.

ಈ ನವೆ ಯಾವಾಗ ಶುರುವಾಯಿತು ಎಂದು ಯಾರಾದರೂ ಕೇಳಿದರೆ, ಮದುವೆಯಾಗಿ ತಣಿಸಂದ್ರಕ್ಕೆ ಬಂದ ಮೇಲೆ ಎನ್ನುತ್ತಿದ್ದೆ. ಅದು ನಿಜವಿರಲಾರದು. ಮದುವೆಯಾದ ಹೆಂಗಸರು ತಮ್ಮ ಬಹಳಷ್ಟು ತೊಂದರೆಗಳನ್ನು ಆ ತಾರೀಖಿನಿಂದಲೇ ಶುರು ಮಾಡುತ್ತಾರೆ. ನನಗೆ ನನ್ನ ನೆನಪಿನ ಮೇಲೆ ಅಷ್ಟು ನಂಬಿಕೆಯಿಲ್ಲ. ಒಬ್ಬನೇ ಸಾಕ್ಷಿ ಹೇಳಿದ್ದನ್ನು ಹಾಗೇ ನಂಬಬೇಡಿ ಎಂದು ಹುಡುಗರಿಗೆ ವರ್ಷವರ್ಷವೂ ಹೇಳುವವಳು ನನ್ನೊಳಗಿನ ಸಾಕ್ಷಿಯನ್ನು ಮಾತ್ರ ಹೇಗೆ ನಂಬಲಿ? ಅದಕ್ಕೇ ಓದುವ ಕಾಲದಿಂದ ಡೈರಿ ಬರೆಯುತ್ತಿದ್ದೇನೆ. ಡೈರಿಯಲ್ಲೂ ಎಲ್ಲ ಇರುವುದಿಲ್ಲ ಎಂಬುದು ತಡವಾಗಿ ತಿಳಿಯಿತು.

ತಲೆ ನವೆ ಎಂದು ಬಾಯಿಬಿಟ್ಟರೆ ನಮ್ಮ ಕಡೆ ಸಲಹೆಗೆ ಬರವಿಲ್ಲ. ಪಕ್ಕದ ಅಪಾರ್ಟ್‌ಮೆಂಟಿನವರು ನೀರನ್ನು ದೂರಿದರು. “ಬೋರ್‌ವೆಲ್ ನೀರು ಕಣ್ರೀ. ನಲ್ಲಿ ಮೇಲೆ ಬಿಳಿ ಪೊರೆ ಕಟ್ಟತ್ತಲ್ಲ, ನಿಮ್ ತಲೆ ಮೇಲೂ ಅದೇ ಕಟ್ಟಿದೆ.” ಸ್ಟಾಫ್ ರೂಮಿನಲ್ಲಿ ಒಬ್ಬರು ನಿಂಬೆಹಣ್ಣು ಎಂದರು, ಇನ್ನೊಬ್ಬರು ಮೊಸರಿನಲ್ಲಿ ಅರೆದ ಮೆಂತ್ಯ ಎಂದರು. ಯಾರಿಗೂ ಬೇಸರವಾಗದಿರಲಿ ಎಂದು ಎರಡನ್ನೂ ಒಟ್ಟಿಗೆ ಹಚ್ಚಿಕೊಂಡು, ಒಂದು ದಿನವೆಲ್ಲ ಉಪ್ಪಿನಕಾಯಿ ಜಾಡಿಯ ವಾಸನೆ ಹೊತ್ತು ಓಡಾಡಿದೆ.

ಎಲ್ಲರಿಗಿಂತ ಖಚಿತವಾದ ಅಭಿಪ್ರಾಯ ನಮ್ಮತ್ತೆಯದು. ಅವರು ತಣಿಸಂದ್ರ ಇನ್ನೂ ಹಳ್ಳಿಯಾಗಿದ್ದಾಗ ಸೊಸೆಯಾಗಿ ಬಂದವರು. ಸುತ್ತ ಹದಿನಾಲ್ಕು ಅಂತಸ್ತಿನ ಕಟ್ಟಡಗಳು ಎದ್ದ ಮೇಲೂ ನಮ್ಮ ಹಳೆಯ ಮನೆಯ ಹಿತ್ತಿಲನ್ನು ಬಿಟ್ಟುಕೊಡದವರು. “ಉಸ್ಣ ಕಣಮ್ಮ ಸೈಲಾ,” ಎನ್ನುತ್ತಿದ್ದರು. ನನ್ನ ಹೆಸರು ಶೈಲಾ. “ಓದೋರ ತಲೆ, ಕಾಯ್ತದೆ. ಎಣ್ಣೆ ಸಾಲ್ದು.”

ಉಷ್ಣ ಎಂಬುದು ನಮ್ಮ ಜನ ಕಂಡುಕೊಂಡಿರುವ ದೊಡ್ಡ ಅನುಕೂಲ. ಕಣ್ಣುರಿ, ಬಾಯಿಹುಣ್ಣು, ಮುಂಗೋಪ, ಪರೀಕ್ಷೆಯಲ್ಲಿ ಫೇಲಾದದ್ದು, ಎಲ್ಲಕ್ಕೂ ಅದೇ ಕಾರಣ. ಅದು ಇಳಿಯಬೇಕಾದ ದಾರಿ ನೆತ್ತಿ. ಹುಟ್ಟಿದ ಮಗುವಿನ ಮೆತ್ತನೆಯ ನೆತ್ತಿಗೆ ಎಣ್ಣೆ ತಟ್ಟುವುದರಿಂದ ನಮ್ಮ ಆರೈಕೆ ಶುರುವಾಗುತ್ತದೆ. ಊಟ ನೆತ್ತಿಗೆ ಹತ್ತಿದರೆ ಯಾರೋ ಓಡಿಬಂದು ಅಲ್ಲೇ ತಟ್ಟುತ್ತಾರೆ. ದೊಡ್ಡವರು ಆಶೀರ್ವಾದ ಮಾಡುವಾಗ ಕೈ ಇಡುವುದೂ ಅಲ್ಲೇ. ಇಷ್ಟೆಲ್ಲ ಕೈ ಬೀಳುವ ಜಾಗಕ್ಕೆ ಕಾಯಿಲೆಯೂ ಬರಬಹುದು ಎಂದು ಯಾರು ಯೋಚಿಸುತ್ತಾರೆ?

ಭಾನುವಾರ ಬೆಳಿಗ್ಗೆ ಅತ್ತೆ ಕಬ್ಬಿಣದ ಬಾಂಡಲಿಯಲ್ಲಿ ಕೊಬ್ಬರಿ ಎಣ್ಣೆ ಕಾಯಿಸುತ್ತಿದ್ದರು. ಅದರಲ್ಲಿ ದಾಸವಾಳದ ಎಲೆ, ಮೆಂತ್ಯ, ಗರುಗದ ಸೊಪ್ಪು. ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಅವರು, ಕೆಳಗೆ ಮಣೆಯ ಮೇಲೆ ನಾನು. ಒಂದು ಗಂಟೆ ತಟ್ಟಿ ತಿಕ್ಕಿ, ಇನ್ನೊಂದು ಗಂಟೆ ನೆನೆಯಲು ಬಿಟ್ಟು, ಆಮೇಲೆ ಸೀಗೆಪುಡಿ. ಎಣ್ಣೆ ಪೂರ್ತಿ ಹೋಗಬಾರದು, ಹೋದರೆ ಗುಣ ಹೋಗುತ್ತದೆ ಎಂಬ ನಂಬಿಕೆ. ನವೆ ಹೆಚ್ಚಾದಷ್ಟೂ ಎಣ್ಣೆ ಹೆಚ್ಚಾಯಿತು.

ಎದುರುಬದುರು ಕೂತರೆ ನಮ್ಮಿಬ್ಬರಿಗೆ ಮಾತಿರಲಿಲ್ಲ. ನನ್ನ ಮುದ್ದೆಯಲ್ಲಿ ಗಂಟು, ಅವರ ಟಿವಿಯ ಸದ್ದು ಜೋರು. ಆದರೆ ನನ್ನ ಬೆನ್ನು ಅವರ ಕಡೆ ತಿರುಗಿದ ಕೂಡಲೇ ಅವರಿಗೆ ಮಾತು ಬರುತ್ತಿತ್ತು. ಪಕ್ಕದ ಅಪಾರ್ಟ್‌ಮೆಂಟಿನ ಜಾಗದಲ್ಲಿ ಅವರ ರಾಗಿ ಹೊಲವಿದ್ದದ್ದು, ಮಾವ ಒಮ್ಮೆ ಕೈ ಎತ್ತಿದ್ದು, ಹಾಗೆ ಎತ್ತಿದ್ದು ಅದೇ ಕೊನೆ ಎಂಬುದು. ಒಂದು ಭಾನುವಾರ ಹೀಗೆಂದರು: “ನಿನ್ ಗಂಡಂಗಿಂತ ಮುಂಚೆ ಒಂದು ಎಣ್ ಕೂಸಿತ್ತು. ತಲೆ ತುಂಬ ಕೂದ್ಲು. ಮಳೆ ದಿನ ಎಣ್ಣೆ ನೀರು ಆಕ್ದೆ. ತಂಡಿ ಆಯ್ತು, ಉಳೀಲಿಲ್ಲ. ಎಣ್ಣೆ ತಟ್ಟಿ ತಟ್ಟಿ ನೀನೇ ಕೊಂದೆ ಅಂದ್ರು ನಮ್ಮತ್ತೆ.” ನಾನು ತಿರುಗಲಿಲ್ಲ. ತಲೆ ಅವರ ಎರಡು ಅಂಗೈಗಳ ಮಧ್ಯೆ ಇತ್ತು, ಕೈಗಳು ನಿಲ್ಲಲಿಲ್ಲ.

ಇದನ್ನು ಅವರು ಒಂದೇ ದಿನ ಹೇಳಿದರೋ, ಹಲವು ಭಾನುವಾರಗಳಲ್ಲಿ ಚೂರುಚೂರಾಗಿ ಹೇಳಿದ್ದನ್ನು ನಾನೇ ಜೋಡಿಸಿಕೊಂಡೆನೋ ಗೊತ್ತಿಲ್ಲ. ಡೈರಿಯಲ್ಲಿಲ್ಲ. ಮನೆಯವರ ದುಃಖವನ್ನು ಬರೆದಿಡುವುದಿಲ್ಲ ಎಂಬ ಹೆಮ್ಮೆ ಆಗ ನನಗಿತ್ತು.

ಕಡೆಗೆ ನವೆ ತಡೆಯಲಾಗದೆ, ಹಣೆಯ ಅಂಚಿನಲ್ಲಿ ಕೆಂಪು ಪಟ್ಟೆ ಎದ್ದ ಮೇಲೆ, ಆರ್.ಟಿ. ನಗರದಲ್ಲಿ ಒಬ್ಬ ಚರ್ಮದ ಡಾಕ್ಟರ ಹತ್ತಿರ ಹೋದೆ. ಮೆಡಿಕಲ್ ಸ್ಟೋರಿನ ಮೇಲಿನ ಸಣ್ಣ ಕ್ಲಿನಿಕ್, ನನಗಿಂತ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಕೂದಲನ್ನು ಬೈತಲೆ ಬೈತಲೆಯಾಗಿ ಬಿಡಿಸಿ ನೋಡಿದರು.

“ಎಣ್ಣೆ ಹಚ್ತೀರಾ?”

“ವಾರಕ್ಕೊಂದ್ಸಲ. ಈಗೀಗ ಎರಡು ಸಲ.”

“ನೋಡಿ ಮೇಡಂ, ಇದಕ್ಕೆ ಕಾರಣ ಎಣ್ಣೆ ಅಲ್ಲ. ಎಲ್ಲರ ತಲೆ ಮೇಲೂ ಒಂದು ಥರ ಫಂಗಸ್ ಇರತ್ತೆ, ನನ್ ತಲೆ ಮೇಲೂ ಇದೆ. ಕೆಲವರ ಚರ್ಮಕ್ಕೆ ಅದು ಒಗ್ಗಲ್ಲ, ಅಷ್ಟೇ. ಆದ್ರೆ ಎಣ್ಣೆ ಅದಕ್ಕೆ ಊಟ ಇದ್ದಂಗೆ. ಮೂರು ವಾರ ನಿಲ್ಸಿ. ಈ ಶಾಂಪೂ ವಾರಕ್ಕೆ ಎರಡು ಸಲ ಹಚ್ಚಿ, ಐದು ನಿಮಿಷ ಬಿಟ್ಟು ತೊಳೀರಿ. ಉಗುರು ಹಾಕ್ಬೇಡಿ. ಕಮ್ಮಿ ಆದ್ಮೇಲೆ ಬೇಕಿದ್ರೆ ಸ್ನಾನಕ್ಕೆ ಮುಂಚೆ ಸ್ವಲ್ಪ ಎಣ್ಣೆ ಹಚ್ಕೊಳಿ, ಚೆನ್ನಾಗಿ ತೊಳ್ಕೊಂಡ್ರಾಯ್ತು.”

ಇಷ್ಟೇ. ನೀರು, ಉಷ್ಣ, ನಿಂಬೆ, ಮೆಂತ್ಯ ಎಲ್ಲ ಎರಡು ನಿಮಿಷದಲ್ಲಿ ಮುಗಿದುಹೋಯಿತು. ಎರಡನೆಯ ವಾರಕ್ಕೇ ನವೆ ಅರ್ಧವಾಯಿತು. ಮೂರನೆಯ ವಾರ ನಾನು ಕಪ್ಪು ರವಿಕೆ ಹಾಕಿಕೊಂಡು ಕಾಲೇಜಿಗೆ ಹೋದೆ.

ನಾಲ್ಕನೆಯ ವಾರ ಎಣ್ಣೆ ಹಚ್ಚಿಸಿಕೊಳ್ಳಬಹುದಿತ್ತು. ಹಚ್ಚಿಸಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ, ಭಾನುವಾರ ಬೆಳಿಗ್ಗೆಯ ಆ ಎರಡು ಗಂಟೆ ನನಗೆ ಸಿಕ್ಕಿದ್ದು ಹಿತವೆನಿಸಿತ್ತು. ಉತ್ತರಪತ್ರಿಕೆ ತಿದ್ದುತ್ತಿದ್ದೆ, ಪೇಪರ್ ಓದುತ್ತಿದ್ದೆ, ಸುಮ್ಮನೆ ಕೂರುತ್ತಿದ್ದೆ. ಅತ್ತೆ ಒಗೆಯುವ ಕಲ್ಲಿನ ಮೇಲೆ ಒಬ್ಬರೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಎಣ್ಣೆಯ ಮಾತು ಅವರೂ ಎತ್ತಲಿಲ್ಲ. ಅವರಿಗೂ ವಯಸ್ಸಾಯಿತು, ಕೈನೋವು ತಪ್ಪಿತು ಎಂದುಕೊಂಡೆ. ಎಂಟು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಮಲಗಿದವರು ಏಳಲಿಲ್ಲ.

ಅವರು ಹೋಗಿ ಕೆಲವು ವಾರಗಳಾಗಿತ್ತು. ನಾನೂ ನನ್ನ ಗಂಡನೂ ಕಾಫಿ ಕುಡಿಯುತ್ತಾ ಕೂತಿದ್ದಾಗ ಹೇಳಿದೆ: “ಎಣ್ಣೆ ನಿಲ್ಲಿಸೋವಾಗ ನಾನು ಅವರ ಕೈ ಹಿಡ್ಕೊಂಡು, ಸ್ವಲ್ಪ ದಿನ ಬೇಡ ಅಂದಿದಾರೆ ಅತ್ತೆ, ಆಮೇಲೆ ಮತ್ತೆ ನೀವೇ ಹಚ್ಬೇಕು ಅಂತ ಹೇಳಿದ್ದೆ, ನೆನಪಿದ್ಯಾ?”

ಅವರು ಲೋಟ ಕೆಳಗಿಟ್ಟರು. “ಕೈ ಹಿಡ್ಕೊಂಡ್ಯಾ? ನೀನಾ? ಏನೂ ಹೇಳ್ಲಿಲ್ಲ ಕಣೆ ನೀನು. ಪೇಪರ್ ಕರೆಕ್ಷನ್ ಮಾಡ್ತಾ ಕೂತಿದ್ದೆ. ಅಮ್ಮ ಎಣ್ಣೆ ಬಿಸಿ ಮಾಡ್ಕೊಂಡು ಬಂದು ಕರೆದ್ರು. ನೀನು ತಲೆ ಎತ್ತದೆ ಇವತ್ತು ಬೇಡ ಅಂದೆ. ಮುಂದಿನ ವಾರನೂ ಅಷ್ಟೇ. ಆಮೇಲೆ ಅವ್ರು ಬಚ್ಚಲಲ್ಲಿ ಶಾಂಪೂ ಹಿಂದೆ ಸಿಕ್ಕಿಸಿದ್ದ ಡಾಕ್ಟರ್ ಚೀಟಿ ತಂದು ನನ್ ಕೈಲಿ ಓದ್ಸಿದ್ರು. ನೋ ಆಯಿಲ್ ಅಂತ ಬರ್ದಿತ್ತು. ಎಣ್ಣೆ ಹಚ್ಬಾರ್ದಂತೆ ಅಮ್ಮ ಅಂದೆ.”

“ಅದಕ್ಕೆ ಏನಂದ್ರು?”

“ಅಂಗಾದ್ರೆ ಇಷ್ಟ್ ವರ್ಸ ಅವ್ಳ ತಲೆ ನವೆಗೆ ನಾನೇನಾ ಕಾರ್ಣ, ಅಂದ್ರು.”

“ನೀವೇನಂದ್ರಿ?”

“ನಂಗೇನ್ ಗೊತ್ತು? ಇರ್ಬೋದು ಅಂದೆ.”

ನಾನು ಒಳಗೆ ಹೋಗಿ ಆ ವರ್ಷದ ಡೈರಿ ತೆಗೆದೆ. ಗಂಡನ ನೆನಪು ತಪ್ಪಿರಲಿ ಎಂದು ಅಷ್ಟು ಆಸೆಯಿಂದ ನಾನು ಯಾವ ದಾಖಲೆಯನ್ನೂ ಹುಡುಕಿದವಳಲ್ಲ. ಆ ಭಾನುವಾರದ ಪುಟದಲ್ಲಿ ಇದ್ದದ್ದು ಒಂದೇ ಸಾಲು: “ಎಂಬತ್ತು ಪೇಪರ್ ಮುಗಿಯಿತು.” ಅತ್ತೆಯ ಹೆಸರಿಲ್ಲ, ಕೈ ಹಿಡಿದದ್ದಿಲ್ಲ. ಹಿಂದಿನ ಗುರುವಾರದ ಪುಟದಲ್ಲಿ ನನ್ನ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: “ಡಾಕ್ಟರ್: ಎಣ್ಣೆ ಕಾರಣವಲ್ಲ. ಮೂರು ವಾರದ ನಂತರ ಹಚ್ಚಬಹುದು. ಗ್ಯಾಸ್ ಬುಕ್ ಮಾಡಿದೆ.”

ಎಣ್ಣೆ ಕಾರಣವಲ್ಲ. ಆ ಮನೆಯಲ್ಲಿ ಈ ಎರಡು ಪದ ಬೇಕಾಗಿದ್ದದ್ದು ನನಗಲ್ಲ. ಯಾರಿಗೆ ಬೇಕಾಗಿತ್ತೋ ಅವರು, ನಾನು ಅದನ್ನು ಬರೆಯುವಾಗ, ಪಕ್ಕದ ಕೋಣೆಯಲ್ಲಿ ಟಿವಿ ನೋಡುತ್ತಿದ್ದರು. ಚಿಕ್ಕ ವಯಸ್ಸಿನಲ್ಲಿ ಒಂದು ಸಲ ಎಣ್ಣೆಯ ಅಪವಾದ ಹೊತ್ತವರು ಎಪ್ಪತ್ತೈದರಲ್ಲಿ ಮತ್ತೊಂದು ಸಲ ಹೊತ್ತರು. ನಾನು ಅದನ್ನು ಇಳಿಸುವ ಮಾತನ್ನು ಬರೆದು, ಮುಚ್ಚಿ, ಬೀರುವಿನಲ್ಲಿಟ್ಟೆ. ಬಚ್ಚಿಡಬೇಕೆಂದಲ್ಲ. ಹೇಳಬೇಕು ಎಂದು ತೋಚಲೇ ಇಲ್ಲ. ಬಚ್ಚಿಟ್ಟಿದ್ದರೆ ಅವರ ಬಗ್ಗೆ ಯೋಚಿಸಿದ್ದೆ ಎಂದಾದರೂ ಆಗುತ್ತಿತ್ತು.

ಈಗ ತಲೆ ಶುದ್ಧವಾಗಿದೆ. ಹೊಟ್ಟಿಲ್ಲ, ಕೆಂಪಿಲ್ಲ. ಆದರೂ ಭಾನುವಾರ ಬೆಳಿಗ್ಗೆ ಕೈ ತಾನಾಗಿ ನೆತ್ತಿಗೆ ಹೋಗುತ್ತದೆ. ಬೆರಳು ಅಲ್ಲಿ ಏನನ್ನೋ ಹುಡುಕಿ, ಏನೂ ಸಿಕ್ಕದೆ ಹಿಂದಿರುಗುತ್ತದೆ. ಇದಕ್ಕೆ ಡಾಕ್ಟರಮ್ಮನ ಹತ್ತಿರ ಹೋಗಲು ನಾಚಿಕೆ.

ಮೊನ್ನೆ ಅತ್ತೆಯ ವರ್ಷದ ಎಡೆ ಇಟ್ಟೆವು. ಹೆಬ್ಬಾಳದಿಂದ ಅವರ ತಂಗಿ ಬಂದಿದ್ದರು. ನಾನು ಚಿಕ್ಕತ್ತೆ ಎನ್ನುತ್ತೇನೆ. ಅಕ್ಕನಂತೆಯೇ ಅಗಲ ಹಣೆ, ಅಕ್ಕನಿಗಿಂತ ಹರಿತ ನಾಲಿಗೆ. ಊಟ ಮುಗಿದು ಗಂಡಸರು ಎದ್ದ ಮೇಲೆ, ಅಡುಗೆಮನೆಯಲ್ಲಿ ನಾವಿಬ್ಬರೇ ಉಳಿದೆವು. ಯಾರಿಗಾದರೂ ಹೇಳಲೇಬೇಕಿತ್ತು. ಎಲ್ಲ ಹೇಳಿದೆ, ಚೀಟಿ, ಡೈರಿ, ಇವತ್ತು ಬೇಡ ಅಂದದ್ದು. ಕೊನೆಗೆ, “ಎಣ್ಣೆಯಿಂದ ಬಂದಿದ್ದಲ್ಲ ಅಂತ ಡಾಕ್ಟರ್ ಅವತ್ತೇ ಹೇಳಿದ್ರು ಚಿಕ್ಕತ್ತೆ,” ಎಂದೆ.

“ಅದ್ನ ಅವ್ಳಿಗೆ ಏಳ್ಬೇಕಿತ್ತು. ನಂಗ್ಯಾಕೆ ಏಳ್ತೀಯ?”

ನಾನು ಪಾತ್ರೆ ನೋಡುತ್ತಾ ನಿಂತೆ. ಅವರು ಅಕ್ಕನ ಬಗ್ಗೆ ಏನಾದರೂ ಸಮಾಧಾನದ ಮಾತಾಡುತ್ತಾರೆ, ಅವಳು ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುವವಳಲ್ಲ ಎನ್ನುತ್ತಾರೆ ಎಂದು ಒಳಗೊಳಗೇ ಕಾಯುತ್ತಿದ್ದೆ. ಅಂದರೆ ಅದನ್ನು ನಂಬಲು ಸಿದ್ಧಳಾಗಿಯೂ ಇದ್ದೆ, ತಾರೀಖು ಕೇಳದೆ, ಇನ್ನೊಬ್ಬ ಸಾಕ್ಷಿಯನ್ನು ಕರೆಯದೆ.

“ಕೋಪ ಮಾಡ್ಕೊಂಡಿದ್ರಾ ನನ್ ಮೇಲೆ?” ಎಂದೆ.

“ಕೋಪ ಬಂದ್ರೆ ಅವ್ಳು ಊರಿಗೆಲ್ಲ ಕೇಳ್ಸೋಳು. ನಿಂಗ್ ಗೊತ್ತಾಯ್ತಿರ್ಲಿಲ್ವಾ?” ಚಿಕ್ಕತ್ತೆ ಕಾಲು ನೀಡಿ ಗೋಡೆಗೆ ಒರಗಿದರು. “ಬೇಜಾರಾಗಿರ್ತದೆ. ಬೇಜಾರಾದ್ರೆ ಸುಮ್ಕಿರೋಳು.”

ಎಂಟು ತಿಂಗಳು ಅವರು ಸುಮ್ಮನಿದ್ದದ್ದನ್ನು ನಾನು ನೋಡಿದ್ದೆ. ಅದಕ್ಕೆ ವಯಸ್ಸು ಎಂದು ಹೆಸರಿಟ್ಟಿದ್ದೆ, ಕೈನೋವು ಎಂದು ಹೆಸರಿಟ್ಟಿದ್ದೆ. ಸರಿಯಾದ ಹೆಸರು ಹೇಳಲು ಶಾಲೆಯ ಮೆಟ್ಟಿಲು ಹತ್ತದ ಈ ಹೆಂಗಸಿಗೆ ಅರೆಗಳಿಗೆ ಸಾಕಾಯಿತು. ಇನ್ನೊಬ್ಬರನ್ನು ಕೇಳೋಣ ಎಂದು ನನಗೆ ಅನ್ನಿಸಲಿಲ್ಲ.

“ನಿಂತ್ಕೊಂಡೇ ಇದೀಯಲ್ಲ, ಬೆಳಗ್ಗಿಂದ ಏನ್ ತಿಂದೆ?” ಎಂದು ಚಿಕ್ಕತ್ತೆ ತಟ್ಟೆಯನ್ನು ನನ್ನ ಕಡೆ ತಳ್ಳಿದರು. “ಅಳೋದಾದ್ರೆ ತಿಂದ್ಕೊಂಡು ಅಳು. ವಡೆ ಆರೋಯ್ತದೆ.”

ನಾನು ಅವರ ಪಕ್ಕ ನೆಲದ ಮೇಲೆ ಕೂತು ವಡೆ ತಿಂದೆ. ಆಗಲೇ ಆರಿತ್ತು.